ನಾಯಿಮರಿ ತರುವ ಮುಂಚೆ ಮನೆಯಲ್ಲಿ ಏನೇನು ಸರಿ ಮಾಡಿಕೊಳ್ಳಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಪಕ್ಕದ ಮನೆಯವರ ನಾಯಿ ಮರಿ ಹಾಕಿದೆ, ಮರಿಗಳಿಗೆ ಈಗ ಐದು ವಾರ. ಒಂದನ್ನು ತರಲೇಬೇಕು ಅಂತ ಎರಡನೇ ಕ್ಲಾಸಿನ ಮಗಳು ಹಟ ಹಿಡಿದಿದ್ದಾಳೆ. ಅವರೂ "ಈಗಲೇ ತಗೊಂಡು ಹೋಗಿ, ಚಿಕ್ಕದಿದ್ದಾಗ ತಂದರೆ ಬೇಗ ಹೊಂದಿಕೊಳ್ಳುತ್ತೆ" ಅಂತಿದ್ದಾರೆ. ಉಳಿದಿರೋದೆಲ್ಲ ಹೆಣ್ಣು ಮರಿಗಳು, ಅತ್ತೆಯವರಿಗೆ ಅದು ಅಷ್ಟು ಸರಿಬರುತ್ತಿಲ್ಲ. ತರುವ ಮುಂಚೆ ಏನೇನು ಕೊಳ್ಳಬೇಕು? ಏನು ತಯಾರಿ ಬೇಕು?

ಉತ್ತರ: ಮೊದಲನೆಯದಾಗಿ, ಈಗಲೇ ತರಬೇಡಿ. ಇನ್ನೂ ಮೂರು ವಾರ ಮರಿ ತಾಯಿ ಹತ್ತಿರವೇ ಇರಲಿ. ಎಂಟು ವಾರ ತುಂಬಿದ ಮೇಲೆ ತನ್ನಿ.

ಹಾಲು ಬಿಟ್ಟು ಅನ್ನ ತಿನ್ನೋಕೆ ಶುರು ಮಾಡಿದೆಯಲ್ಲ, ಇನ್ನೇನು ಅಂತ ಅನ್ನಿಸಬಹುದು. ಆದರೆ ಈ ಮೂರು ವಾರದಲ್ಲಿ ಮರಿ ಕಲಿಯೋದು ಬಹಳ ಇದೆ. ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವೆ, ನೋಡಿರುತ್ತೀರಿ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕಿರುಚಿ ಆಟ ನಿಲ್ಲಿಸಿಬಿಡುತ್ತೆ. ತಾಯಿಗೆ ಹಲ್ಲು ಊರಿದರೆ ಅದು ಗುರ್ ಅಂದು ಎದ್ದು ಹೋಗುತ್ತೆ. ಎಷ್ಟು ಕಚ್ಚಿದರೆ ಆಟ, ಎಷ್ಟಾದರೆ ನೋವು ಅಂತ ಮರಿಗೆ ಗೊತ್ತಾಗೋದು ಹೀಗೆ. ಈ ಪಾಠ ತಪ್ಪಿದ ಮರಿ ನಾಳೆ ನಿಮ್ಮ ಮಗಳ ಕೈ ಮೇಲೆ ಆ ಲೆಕ್ಕ ಕಲಿಯಬೇಕಾಗುತ್ತೆ.

ಅಷ್ಟರಲ್ಲಿ ನಿಮಗೂ ಕೆಲಸ ಇದೆ. ಅಂಗಡಿಗೆ ಹೋಗೋದು ಅದರಲ್ಲಿ ತೀರಾ ಸಣ್ಣದು. ಎರಡು ಬಟ್ಟಲು, ಕುತ್ತಿಗೆ ಬೆಳೆದ ಹಾಗೆ ಸಡಿಲಿಸಲು ಬರುವ ಒಂದು ಬೆಲ್ಟು, ಒಂದು ಹಗ್ಗ, ಗೋಣಿಚೀಲದ ಮೇಲೆ ಮಡಚಿ ಹಾಸಲು ಹಳೇ ಹೊದಿಕೆ. ಇಷ್ಟು ಸಾಕು. ಮಿಕ್ಕ ಸಮಯವನ್ನೆಲ್ಲ ಅಂಗಳಕ್ಕೂ ಕ್ಯಾಲೆಂಡರಿಗೂ ಕೊಡಿ. ಮಲೆನಾಡಿನ ತೋಟದ ಮನೆಯಲ್ಲಿ ಮರಿ ಉಳಿಯುವುದು, ಬಿಡುವುದು ಹೆಚ್ಚಾಗಿ ಈ ಎರಡರ ಮೇಲೇ ನಿಂತಿರುತ್ತೆ.

ಕ್ಯಾಲೆಂಡರ್ ಯಾಕೆ ಅಂದರೆ, ಊರುನಾಯಿಗಳು ಹೆಚ್ಚಾಗಿ ಜೊತೆಯಾಗುವುದು ಕಾರ್ತಿಕದ ಸುಮಾರಿಗೆ. ಗರ್ಭ ಸುಮಾರು 63 ದಿನ. ಹಾಗಾಗಿ ಮರಿಗಳು ಚಳಿಯಲ್ಲಿ ಹುಟ್ಟುತ್ತವೆ, ಮನೆಗೆ ಬರುವಷ್ಟಾಗುವಾಗ ಶಿವರಾತ್ರಿ ಆಸುಪಾಸು. ಇದು ಒಳ್ಳೆಯ ಕಾಲವೇ. ನೆಲ ಒಣಗಿರುತ್ತೆ, ಹೊರಗೆ ಕರೆದುಕೊಂಡು ಹೋಗಬಹುದು. ಮಳೆ ಹಿಡಿಯುವ ಹೊತ್ತಿಗೆ ಲಸಿಕೆಗಳೂ ಮುಗಿದಿರುತ್ತವೆ. ಇದೇ ಮರಿ ಜುಲೈಯಲ್ಲಿ ಬಂತು ಅಂದುಕೊಳ್ಳಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ದೊಡ್ಡ ಪಾಲು ಆ ಎರಡು ಮೂರು ತಿಂಗಳಲ್ಲೇ ಸುರಿಯುತ್ತೆ. ಆ ಮಳೆಯಲ್ಲಿ ಮರಿಯನ್ನು ಉಚ್ಚೆಗೆ ಹೊರಗೆ ಬಿಡೋದೇ ಒಂದು ಕಷ್ಟ.

ಆದರೆ ಬೇಸಿಗೆಗೆ ತೊಂದರೆ ಇಲ್ಲ ಅಂತಲ್ಲ. ಅಡಿಕೆ ಕೊಯ್ಲು ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಅಂಗಳದಲ್ಲಿ ಅಡಿಕೆ ಹರವಿರುತ್ತೆ, ಜಗಲಿಯಲ್ಲಿ ಸುಲಿಯುವ ಕತ್ತಿ ಇರುತ್ತೆ. ಮರಿಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ವಾಂತಿ, ಭೇದಿ ವಿಪರೀತ ಆಗುತ್ತಿತ್ತು. ಬೇರೆ ಒಳ್ಳೆಯ ಔಷಧಿ ಬಂದ ಮೇಲೆ ಅದನ್ನು ಕೈಬಿಟ್ಟರು. ದೊಡ್ಡ ನಾಯಿಗೇ ಹಾಗಾದರೆ ಎರಡು ಕೆಜಿ ತೂಗದ ಮರಿ ಏನು ತಡೆದೀತು? ಅಂಗಳಕ್ಕೂ ಜಗಲಿಗೂ ನಡುವೆ ಒಂದು ದಬ್ಬೆಯ ಅಡ್ಡ ಕಟ್ಟಿ. ಅಡಿಕೆ ಬೇಯಿಸಿದ ಚೊಗರಿನ ಪಾತ್ರೆಗೆ ಮುಚ್ಚಳ ಇರಲಿ.

ಮೇ ಕೊನೆಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೊಡೆದು ಮುಗಿಸಿ ಡ್ರಮ್ಮಿನ ತಳದಲ್ಲಿ ನಾಲ್ಕು ಚೆಂಬು ಉಳಿದಿರುತ್ತೆ, ಅಲ್ವಾ? ಮರಿ ಬಾಯಿ ಹಾಕೋದು ಅಲ್ಲಿಗೆ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷವೇ. ಡ್ರಮ್ಮನ್ನು ಅವತ್ತೇ ತೊಳೆದು ಬೋರಲು ಹಾಕಿ. ಆ ತೊಳೆದ ನೀರೂ ಅಂಗಳದಲ್ಲಿ ನಿಲ್ಲಬಾರದು. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ, ಇಲಿ ಪಾಷಾಣ ಇವೆರಡೂ ಇನ್ನೂ ಕೆಟ್ಟವು. ಮರಿ ಇರುವಷ್ಟು ದಿನ ಮನೆಯ ಸುತ್ತ ಇವನ್ನು ಹಾಕಲೇಬೇಡಿ ಅನ್ನುವುದು ನನ್ನ ಮಾತು. ಇಲಿಗೆ ಬೋನು ಇಡಿ.

ಒಂದು ಸಂಜೆ ನೀವು, ಮಗಳು ಇಬ್ಬರೂ ಮಂಡಿಯೂರಿ ಅಂಬೆಗಾಲಲ್ಲಿ ಮನೆಯೆಲ್ಲ ಸುತ್ತಿ. ಮರಿಯ ಎತ್ತರದಿಂದ ನೋಡಿದರೆ ಕಾಣೋದೇ ಬೇರೆ. ಟಿವಿ ಹಿಂದಿನ ವಯರು, ಮಂಚದ ಕೆಳಗೆ ಉರುಳಿಹೋದ ಅತ್ತೆಯವರ ಬಿಪಿ ಮಾತ್ರೆ, ಸೊಳ್ಳೆ ಬತ್ತಿಯ ತುಂಡು, ರಬ್ಬರು, ಶಾರ್ಪನರ್ ಬ್ಲೇಡು. ಹೊರಗೆ ಬಂದರೆ ಬಾವಿ ಕಟ್ಟೆಯಲ್ಲಿ ಕಲ್ಲು ಬಿದ್ದಿರುವ ಜಾಗ. ಬಚ್ಚಲ ಒಲೆಯ ಬೂದಿ, ಮರಿಗಳಿಗೆ ಆ ಬೆಚ್ಚಗಿನ ಜಾಗ ಬಹಳ ಇಷ್ಟ, ಒಳಗೆ ಕೆಂಡ ಇರೋದು ಅದಕ್ಕೆ ಗೊತ್ತಿರುವುದಿಲ್ಲ. ಗೋಬರ್ ಗ್ಯಾಸ್ ಇದ್ದರೆ ಸ್ಲರಿ ಗುಂಡಿಯನ್ನು ಮುಖ್ಯವಾಗಿ ನೋಡಿ. ಅದರ ಮೇಲ್ಪದರ ಒಣಗಿ ನೆಲದ ಹಾಗೇ ಕಾಣುತ್ತೆ. ಮರಿ ನಡೆದುಕೊಂಡು ಹೋಗಿ ಮುಳುಗುತ್ತೆ, ಕೂಗಲೂ ಆಗುವುದಿಲ್ಲ. ತಂತಿ ಬಲೆಯೋ ಹಳೇ ತಗಡೋ, ಏನಾದರೂ ಮುಚ್ಚಿ. ಸೌದೆ ಕೊಟ್ಟಿಗೆಗೆ ಬಾಗಿಲು ಹಾಕಿ, ಹಾವು ಕೂರುವ ಜಾಗ ಅದು.

ಈಗ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ವಿಷಯ. ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತು. ಅದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಜಾಸ್ತಿ, ಅಂದರೆ ನಿಮ್ಮ ಮರಿ ಮನೆಗೆ ಬರುವ ಕಾಲವೇ. ನಾಯಿಯಿಂದ ನೇರವಾಗಿ ಈ ಕಾಯಿಲೆ ಬರುವುದಿಲ್ಲ. ಆದರೆ ಬೆಟ್ಟ, ದರಗು (ಉದುರಿದ ಒಣ ಎಲೆ) ಸುತ್ತಿ ಬಂದ ನಾಯಿಯ ಮೈ ಮೇಲೆ ಉಣುಗು ಮನೆಯೊಳಗೆ ಬರಬಹುದು. ಹಾಗಾಗಿ ಮರಿಯನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಡಿ, ಹಾಸಿಗೆಗೆ ದರಗು ಹಾಕಬೇಡಿ. ನಾಯಿಗಳಿಗೇ ಬರುವ ಉಣ್ಣೆ ಜ್ವರ ಬೇರೆ ಇದೆ. ಜ್ವರ ಬಂದು, ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ಕಾಯದೆ ಡಾಕ್ಟರಿಗೆ ತೋರಿಸಿ.

ದಿನಾ ಸಂಜೆ ಮರಿಯನ್ನು ತೊಡೆ ಮೇಲೆ ಮಲಗಿಸಿಕೊಂಡು ಬೆಳಕಲ್ಲಿ ನೋಡಿ. ಮೊದಲು ಕಿವಿಯ ಒಳಮಡಿಕೆ. ಆಮೇಲೆ ಬೆಲ್ಟಿನ ಕೆಳಗೆ, ಕಂಕುಳು, ಕಾಲ್ಬೆರಳಿನ ಸಂದಿ, ಬಾಲದ ಬುಡ. ಬೆರಳಿಗೆ ಸಾಸಿವೆಯಷ್ಟು ಗಂಟು ಸಿಕ್ಕರೆ ಕೂದಲು ಬಿಡಿಸಿ ನೋಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಸೋಪು ನೀರಿಗೆ ಹಾಕಿ. ಉಗುರಲ್ಲಿ ಕುಕ್ಕಬೇಡಿ, ಮಗಳ ಕೈಗೆ ಈ ಕೆಲಸ ಕೊಡಲೇಬೇಡಿ. ಸೀಮೆಎಣ್ಣೆ ಹಚ್ಚೋದು, ಕೊಟ್ಟಿಗೆಯಲ್ಲಿ ದನಕ್ಕೆ ತಂದ ಉಣ್ಣೆ ಔಷಧಿಯನ್ನೇ ಮರಿಗೂ ಸವರೋದು, ಇವು ಬೇಡ. ಆ ಔಷಧಿಯ ಅಳತೆ ದನದ್ದು. ಮರಿಯ ತೂಕಕ್ಕೆ ತಕ್ಕದ್ದನ್ನು ಪಶುವೈದ್ಯರೇ ಬರೆದುಕೊಡಲಿ. ಮಳೆಗಾಲಕ್ಕೆ ಉಂಬಳ, ಅಂದರೆ ಜಿಗಣೆ. ಮೈಗೆ ಹತ್ತಿದ್ದನ್ನು ಬಿಡಿಸೋದು ನಿಮಗೇ ಗೊತ್ತು. ಒಂದೇ ಹೊಳ್ಳೆಯಿಂದ ರಕ್ತ ಬರುತ್ತಾ ಪದೇ ಪದೇ ಸೀನುತ್ತಿದ್ದರೆ ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಹೋಗಿರಬಹುದು. ಉಪ್ಪು ತುರುಕದೆ ಆಸ್ಪತ್ರೆಗೆ ಒಯ್ಯಿರಿ.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ ಹದಿನಾರು ವಾರದವರೆಗೆ ಮುಂದುವರಿಸಬೇಕು. ಇದು ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗಳಿಗೆ. ಪಾರ್ವೊ ಬಂದರೆ ವಾಂತಿ, ರಕ್ತಭೇದಿ ಆಗಿ ಮರಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತೆ. ಹೋದ ವರ್ಷ ನಿಮ್ಮ ಮನೆಯಲ್ಲಿ ಮರಿಯೊಂದು ಹಾಗೆ ಸತ್ತಿದ್ದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. ಇಲಿಜ್ವರದ ಲಸಿಕೆಯೂ ಅದರಲ್ಲಿ ಸೇರಿದೆಯಾ ಕೇಳಿ, ಗದ್ದೆ ತೋಟದ ನೀರಲ್ಲಿ ಓಡಾಡುವ ನಾಯಿಗೆ ಅದು ಬೇಕೇ ಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ತಪ್ಪದೆ. ಜಂತುಹುಳದ ಔಷಧಿ ಪಕ್ಕದ ಮನೆಯವರು ಹಾಕಿದ್ದಾರಾ, ಯಾವತ್ತು ಹಾಕಿದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಫೋನ್ ನಂಬರನ್ನು ಮರಿ ಬರುವ ಮುಂಚೆಯೇ ಗೋಡೆ ಮೇಲೆ ಅಂಟಿಸಿ.

ಮಗಳಿಗೆ ಒಂದು ವಿಷಯ ಕೂರಿಸಿಕೊಂಡು ಹೇಳಿ. ಮರಿಯ ಹಲ್ಲು ತಾಗಿ ರಕ್ತ ಬಂದರೆ ಬೈಯುತ್ತಾರೆ ಅಂತ ಮುಚ್ಚಿಡಬಾರದು. ಸಣ್ಣ ಗೀರಾದರೂ ಸೋಪು ಹಚ್ಚಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಕೇಳಲೇಬೇಕು. ಮರಿ ತಾನೇ ಅಂತ ಬಿಡುವ ಹಾಗಿಲ್ಲ.

ಊಟಕ್ಕೆ ಮಜ್ಜಿಗೆ ಅನ್ನ ಒಂದೇ ಸಾಲದು. ಹೊಟ್ಟೆ ತುಂಬುತ್ತೆ, ಮೈ ಬೆಳೆಯಲ್ಲ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಅಥವಾ ಮೀನು ಅನ್ನದ ಜೊತೆ ಕಲಸಿ. ಮನೆಯೊಳಗೆ ಮೊಟ್ಟೆ ತಾರದವರು ಮರಿಗಳಿಗೆಂದೇ ಮಾಡಿದ ಒಣ ಆಹಾರ ತರೋದು ಒಳ್ಳೇದು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ. ಹಸುವಿನ ಹಾಲು ಬಹಳ ಮರಿಗಳಿಗೆ ಆಗಿಬರಲ್ಲ, ಭೇದಿ ಹಿಡಿಯುತ್ತೆ. ದ್ರಾಕ್ಷಿ, ಈರುಳ್ಳಿ, ಚಾಕಲೇಟು ಕೊಡಲೇಬಾರದು. ಹಬ್ಬದ ದಿನ ಒಣದ್ರಾಕ್ಷಿ ಹಾಕಿದ ಪಾಯಸ ಪ್ರೀತಿಯಿಂದ ಬಡಿಸುವವರು ಇರುತ್ತಾರೆ, ಅವರಿಗೂ ಹೇಳಿಡಿ.

ಮೊದಲ ಕೆಲವು ರಾತ್ರಿ ಮರಿ ಅಳುತ್ತೆ. ಜಗಲಿಯಲ್ಲಿ ಒಂದೇ ಬಿಟ್ಟು ಬಾಗಿಲು ಹಾಕಬೇಡಿ. ಅದರ ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ತಂದು ಹಾಸಿಗೆಗೆ ಸೇರಿಸಿ, ಯಾರಾದರೂ ಪಕ್ಕದಲ್ಲಿ ಮಲಗಿ. ಎದ್ದ ತಕ್ಷಣ, ಉಂಡ ತಕ್ಷಣ, ಆಟ ಮುಗಿದ ತಕ್ಷಣ ಹೊರಗೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಒಳಗೆ ಉಚ್ಚೆ ಹೊಯ್ದರೆ ಮೂತಿ ತಿಕ್ಕಿ ಹೊಡೆಯುವುದರಿಂದ ಅದು ಕಲಿಯೋದು ಹೆದರಿಕೆ ಮಾತ್ರ. ಸುಮ್ನೆ ಒರೆಸಿ.

ನಮ್ಮ ಕಡೆ ಹಗಲು ಕಟ್ಟಿಹಾಕಿ ರಾತ್ರಿ ಬಿಡುವ ರೂಢಿ ಇದೆ. ದಯವಿಟ್ಟು ಅದನ್ನು ತಿರುಗಿಸಿ. ಕಾಡಂಚಿನ ಮನೆಯಲ್ಲಿ ರಾತ್ರಿ ಬಿಟ್ಟ ನಾಯಿ ಚಿರತೆ ಪಾಲಾಗುತ್ತೆ, ಮರಿಯಂತೂ ಕೇಳಲೇಬೇಡಿ. ಹಗಲಿಡೀ ಸರಪಳಿಯಲ್ಲಿ ಬೆಳೆದದ್ದು ಬಂದವರ ಮೇಲೆಲ್ಲ ಎರಗುತ್ತೆ. ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ನೋಡಿದ್ದು, ಕೇಳಿದ್ದು ಮರಿಗೆ ಕೊನೇವರೆಗೂ ಉಳಿಯುತ್ತೆ. ಕೆಲಸಕ್ಕೆ ಬರುವವರ ಕೈಯಿಂದ ತಿಂಡಿ ತಿನ್ನಲಿ. ದನದ ಹತ್ತಿರ ನಿಮ್ಮ ತೋಳಲ್ಲಿ ಕೂತು ನೋಡಲಿ. ಕಳೆ ಕೊಚ್ಚುವ ಯಂತ್ರದ ಸದ್ದು, ಮಂಗ ಓಡಿಸಲು ಹೊಡೆಯುವ ಗರ್ನಾಲು ಮೊದಲು ದೂರದಿಂದ ಕೇಳಿಸಲಿ, ಕೇಳಿಸಿದಾಗ ಬಾಯಿಗೆ ಏನಾದರೂ ರುಚಿಯಾದದ್ದು ಇಡಿ. ಏಪ್ರಿಲ್ ಗುಡುಗು ಶುರುವಾಗುವ ಮುಂಚೆ ಇಷ್ಟು ಆಗಿದ್ದರೆ ಒಳ್ಳೇದು.

ಕೊನೆಗೆ ಹೆಣ್ಣು ಮರಿ. ಗಂಡು ಮರಿಗಳು ಮೊದಲೇ ಹೋಗಿ, ಉಳಿದ ಹೆಣ್ಣುಗಳನ್ನು ಚೀಲದಲ್ಲಿ ತುಂಬಿ ಪೇಟೆಯಲ್ಲೋ ಘಾಟಿಯಲ್ಲೋ ಬಿಟ್ಟು ಬರುವುದನ್ನು ನಾವೆಲ್ಲ ನೋಡಿದ್ದೇವೆ. ನನಗೆ ಅದು ಸಹಿಸಲಾಗದ ವಿಷಯ. ಅತ್ತೆಯವರ ಚಿಂತೆ ವರ್ಷಾ ವರ್ಷಾ ಮರಿ ಹಾಕುತ್ತೆ ಅನ್ನುವುದೇ ಆಗಿರುತ್ತೆ. ಅದಕ್ಕೆ ಆಪರೇಷನ್ ಇದೆ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಾದ ಮೇಲೆ ಮೊದಲ ಸಲ ಬೆದೆಗೆ ಬರುತ್ತೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಮುಂದೆ ಮೊಲೆಯ ಗಡ್ಡೆ ಬರುವ ಸಂಭವವೂ ಬಹಳ ಕಮ್ಮಿ. ಮನೆ ಕಾಯುವುದರಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ. ಮೊದಲ ಲಸಿಕೆಗೆ ಹೋದಾಗಲೇ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆಪರೇಷನ್ ಯಾವ ತಿಂಗಳಿಗೆ ಅಂತ ಡಾಕ್ಟರ ಬಾಯಿಂದಲೇ ಕೇಳಿಸಿ, ಲಸಿಕೆ ಕಾರ್ಡಿನ ಹಿಂದೆ ಬರೆಸಿಕೊಂಡು ಬನ್ನಿ.