ಟಿಕೆಟ್ ಹಂಚುವ ಕೈ, ನಡುವಿನ ಮತದಾರನ ಮನಸ್ಸು

2010ರ ಚುನಾವಣೆಯಲ್ಲಿ ಅಮೆರಿಕದ ಅಲಾಸ್ಕ ರಾಜ್ಯದ ಮತದಾರರಿಗೆ ರಬ್ಬರಿನ ಕೈಪಟ್ಟಿ ಹಂಚಲಾಯಿತು. ಅದರ ಮೇಲೆ ಇದ್ದದ್ದು ಒಂದು ಹೆಸರು: ಲೀಸಾ ಮರ್ಕೌಸ್ಕಿ. ಹಾಲಿ ಸೆನೆಟರ್ ಆಗಿದ್ದ ಆಕೆ ತಮ್ಮದೇ ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಲ್ಲಿ, ತಮಗಿಂತ ಕಟ್ಟಾ ಬಲಪಂಥೀಯನಾದ ಜೋ ಮಿಲ್ಲರ್ ಎದುರು ಸುಮಾರು ಎರಡು ಸಾವಿರ ಮತಗಳಿಂದ ಸೋತಿದ್ದರು. ಟಿಕೆಟ್ ಕೈತಪ್ಪಿತ್ತು, ಮತಪತ್ರದಲ್ಲಿ ಹೆಸರಿರಲಿಲ್ಲ. ಉಳಿದದ್ದು ಒಂದೇ ದಾರಿ. ಮತಪತ್ರದ ಖಾಲಿ ಗೆರೆಯ ಮೇಲೆ ಮತದಾರರೇ ಆಕೆಯ ಹೆಸರನ್ನು ಕೈಯಾರೆ ಬರೆಯಬೇಕು. ಪೋಲಿಷ್ ಮೂಲದ ಆ ಹೆಸರಿನ ಕಾಗುಣಿತವೋ, ದೇವರಿಗೇ ಪ್ರೀತಿ. ಅದಕ್ಕೇ ಆ ಕೈಪಟ್ಟಿ, ನೋಡಿಕೊಂಡು ಬರೆಯಲಿ ಎಂದು.

ಒಂದು ಲಕ್ಷಕ್ಕೂ ಹೆಚ್ಚು ಜನ ಬರೆದರು. ತಪ್ಪು ಕಾಗುಣಿತದ ಮತಗಳನ್ನು ಎಣಿಸಬಾರದೆಂದು ಮಿಲ್ಲರ್ ಕೋರ್ಟ್ ಮೆಟ್ಟಿಲು ಹತ್ತಿದರೂ ಗೆಲುವು ಮರ್ಕೌಸ್ಕಿಯದೇ ಆಯಿತು. 1954ರ ನಂತರ ಹೀಗೆ ಹೆಸರು ಬರೆಸಿಕೊಂಡು ಸೆನೆಟ್‌ಗೆ ಗೆದ್ದವರು ಇನ್ನೊಬ್ಬರಿರಲಿಲ್ಲ.

ಪಕ್ಷದೊಳಗೆ ಸೋತ ವ್ಯಕ್ತಿ ಇಡೀ ರಾಜ್ಯದಲ್ಲಿ ಗೆದ್ದದ್ದು ಹೇಗೆ? ಟಿಕೆಟ್ ಕೊಟ್ಟವರು ಬೇರೆ, ಮತ ಕೊಟ್ಟವರು ಬೇರೆ. ಈ ಎರಡು ಗುಂಪುಗಳ ನಡುವಿನ ಜಗ್ಗಾಟ ಪಕ್ಷಗಳಷ್ಟೇ ಹಳೆಯದು. ಟಿಕೆಟ್ ಹಂಚುವ ಅಧಿಕಾರ ಎರಡು ಶತಮಾನಗಳಲ್ಲಿ ಮತ್ತೆ ಮತ್ತೆ ಕೈ ಬದಲಿಸಿದೆ. ಪ್ರತಿ ಸಲವೂ ‘ಜನರ ಕೈಗೆ ಕೊಡುತ್ತೇವೆ’ ಎಂದೇ ಹೇಳಲಾಗಿದೆ. ಯಾವ ಜನ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಅಮೆರಿಕದಲ್ಲಿ ಮೊದಮೊದಲು ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ಪಕ್ಷದ ಸಂಸದರೇ ಕೂತು ಆರಿಸುತ್ತಿದ್ದರು. 1824ರಲ್ಲಿ ಅವರು ವಿಲಿಯಂ ಕ್ರಾಫರ್ಡ್ ಹೆಸರನ್ನು ಸೂಚಿಸಿದಾಗ ಸಭೆಗೆ ಬಹುಪಾಲು ಸಂಸದರೇ ಬರಲಿಲ್ಲ, ಉಳಿದ ಆಕಾಂಕ್ಷಿಗಳು ಆ ತೀರ್ಮಾನಕ್ಕೆ ಕ್ಯಾರೇ ಎನ್ನಲಿಲ್ಲ. ಪದ್ಧತಿ ಅಲ್ಲಿಗೆ ಮುಗಿಯಿತು. 1831ರಲ್ಲಿ ಬಾಲ್ಟಿಮೋರ್‌ನಲ್ಲಿ ಮೇಸನ್ ವಿರೋಧಿ ಪಕ್ಷ (ಫ್ರೀಮೇಸನ್ ಎಂಬ ಗುಪ್ತ ಸಂಘದ ವಿರೋಧಿಗಳದು) ಎಂಬ ಸಣ್ಣ ಪಕ್ಷವೊಂದು ಮೊದಲ ರಾಷ್ಟ್ರೀಯ ಅಧಿವೇಶನ ನಡೆಸಿತು, ದೊಡ್ಡ ಪಕ್ಷಗಳು ಅದನ್ನೇ ಅನುಸರಿಸಿದವು. ಮುಂದಿನ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟಿಕೆಟ್ ಇದ್ದದ್ದು ಅಧಿವೇಶನಕ್ಕೆ ಬರುವ ಪ್ರತಿನಿಧಿಗಳ ಕೈಯಲ್ಲಿ, ಎಂದರೆ ಅವರನ್ನು ಕಳಿಸುವ ಪುಢಾರಿಗಳ ಕೈಯಲ್ಲಿ.

ಈ ಪುಢಾರಿಗಳನ್ನು ಬೈಯುವುದು ಸುಲಭ. ಹುದ್ದೆ, ಗುತ್ತಿಗೆ, ದುಡ್ಡು ಇವೇ ಅವರ ಲೆಕ್ಕ. ಆದರೆ ಆ ಲೆಕ್ಕ ಕೂಡಿಬರಬೇಕಾದರೆ ಮೊದಲು ಗೆಲ್ಲಬೇಕಲ್ಲ! ಹಾಗಾಗಿ ಯಾವ ಸಿದ್ಧಾಂತಕ್ಕೂ ಜೋತುಬೀಳದ ಈ ಜನ, ಪಕ್ಷಕ್ಕೆ ಇನ್ನೂ ಒಲಿಯದ ಮತದಾರನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದರು.

1860ರ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ನಡೆದದ್ದನ್ನು ನೋಡಿ. ರಿಪಬ್ಲಿಕನ್ ಪಕ್ಷದಲ್ಲಿ ಎಲ್ಲರಿಗೂ ಮುಂದಿದ್ದವರು ನ್ಯೂಯಾರ್ಕಿನ ವಿಲಿಯಂ ಸೀವರ್ಡ್. ಗುಲಾಮಗಿರಿಯ ವಿಷಯದಲ್ಲಿ ‘ತಡೆಯಲಾಗದ ಸಂಘರ್ಷ’ ಎಂಬ ಮಾತಾಡಿ ಅವರು ಕಟ್ಟಾ ಬೆಂಬಲಿಗರ ಕಣ್ಮಣಿಯಾಗಿದ್ದರು. ಅದೇ ಮಾತು ಪೆನ್ಸಿಲ್ವೇನಿಯ, ಇಂಡಿಯಾನ, ಇಲಿನಾಯ್ ರಾಜ್ಯಗಳ ಮುಖಂಡರಿಗೆ ನುಂಗಲಾರದ ತುತ್ತು. ಹಿಂದಿನ ಚುನಾವಣೆಯಲ್ಲಿ ಪಕ್ಷ ಮುಗ್ಗರಿಸಿದ್ದು ಆ ರಾಜ್ಯಗಳಲ್ಲೇ. ಇಲಿನಾಯ್‌ನ ವಕೀಲ ಅಬ್ರಹಾಂ ಲಿಂಕನ್ ಹೆಚ್ಚಿನವರಿಗೆ ಮೊದಲ ಆಯ್ಕೆಯಾಗಿರಲಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಯಾರ ಮನಸ್ಸನ್ನೂ ನೋಯಿಸಬಾರದು, ಮೊದಲ ಪ್ರೀತಿಯನ್ನು ಬಿಟ್ಟುಕೊಡಬೇಕಾಗಿ ಬಂದಾಗ ಅವರು ನಮ್ಮ ಕಡೆಗೇ ಬರುವಂತಿರಬೇಕು ಎಂಬರ್ಥದಲ್ಲಿ ಅಧಿವೇಶನಕ್ಕೆ ಎರಡು ತಿಂಗಳ ಮುಂಚೆಯೇ ಗೆಳೆಯರೊಬ್ಬರಿಗೆ ಪತ್ರ ಬರೆದಿದ್ದರು.

ಮೊದಲ ಸುತ್ತಿನಲ್ಲಿ ಸೀವರ್ಡ್‌ಗೆ 173½, ಲಿಂಕನ್‌ಗೆ 102 ಮತ. ಗೆಲ್ಲಲು ಬೇಕಿದ್ದದ್ದು 233. ಎರಡನೇ ಸುತ್ತಿನಲ್ಲಿ 184½ಕ್ಕೆ 181. ಮೂರನೆಯದರಲ್ಲಿ ಲಿಂಕನ್ 231½ಕ್ಕೆ ಬಂದು ನಿಂತಾಗ ಒಹಾಯೋ ನಿಯೋಗ ನಾಲ್ಕು ಮತಗಳನ್ನು ಅವರತ್ತ ತಿರುಗಿಸಿತು. ಸೀವರ್ಡ್ ಕಡೆಯವರು ಬೀದಿಯಲ್ಲಿ ಬ್ಯಾಂಡ್ ಬಾರಿಸುತ್ತ ಮೆರವಣಿಗೆ ಹೊರಟಿದ್ದಾಗ ಲಿಂಕನ್ ಬಣ ನಕಲಿ ಪ್ರವೇಶಪತ್ರ ಹಂಚಿ ಸಭಾಂಗಣ ತುಂಬಿಸಿತ್ತೆಂಬ ಕತೆಯೂ ಇದೆ. ಅಂತೂ ಚರಿತ್ರೆಯ ಅತಿ ದೊಡ್ಡ ಹೆಸರುಗಳಲ್ಲೊಂದು ಹೊರಬಂದದ್ದು ಇಂಥ ಚೌಕಾಸಿಯ ಕೋಣೆಯಿಂದಲೇ. ಅದೇ ಬಗೆಯ ಕೋಣೆ 1920ರಲ್ಲಿ ವಾರೆನ್ ಹಾರ್ಡಿಂಗ್ ಅವರನ್ನೂ ಕೊಟ್ಟಿತು, ಅವರ ಆಡಳಿತ ಹಗರಣಗಳಲ್ಲಿ ಮುಳುಗಿತು. ಕೋಣೆಯನ್ನು ಹೊಗಳಲು ಹೊರಟಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್ ಅಂಥ ಸುಧಾರಕರು ‘ಪ್ರೈಮರಿ’ ತಂದರು: ಟಿಕೆಟ್ ಯಾರಿಗೆಂದು ಸಾಮಾನ್ಯ ಮತದಾರರೇ ಮತ ಹಾಕಿ ಹೇಳುವ ಒಳಚುನಾವಣೆ. ಅಧ್ಯಕ್ಷ ಹುದ್ದೆಯ ಮಟ್ಟಿಗೆ ಅದು ಬಹುಕಾಲ ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬಂತಿತ್ತು. 1952ರಲ್ಲಿ ಡೆಮಾಕ್ರಟಿಕ್ ಪಕ್ಷದ ಎಸ್ಟಿಸ್ ಕೀಫಾವರ್ ಹೆಚ್ಚಿನ ಪ್ರೈಮರಿಗಳನ್ನು ಗೆದ್ದರೂ ಟಿಕೆಟ್ ಸಿಕ್ಕಿದ್ದು ಆಡ್ಲೈ ಸ್ಟೀವನ್‌ಸನ್‌ಗೆ.

ತಿರುವು ಬಂದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರೈಮರಿಗಳಲ್ಲಿ ಮತ ಬಿದ್ದಿತ್ತು. ಆದರೆ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ ಡೆಮಾಕ್ರಟಿಕ್ ಟಿಕೆಟ್ ಸಿಕ್ಕಿತು. ಅಧಿವೇಶನ ನಡೆದ ಷಿಕಾಗೋದ ಬೀದಿಗಳಲ್ಲಿ ಯುದ್ಧವಿರೋಧಿಗಳ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಹಂಫ್ರಿ ಸೋತರು. ನಿಯಮ ತಿದ್ದಲು ಪಕ್ಷ ಸಮಿತಿಯೊಂದನ್ನು ನೇಮಿಸಿತು. ಅದರ ಮೊದಲ ಅಧ್ಯಕ್ಷ ಸೆನೆಟರ್ ಜಾರ್ಜ್ ಮೆಕ್‌ಗವರ್ನ್. ಹೊಸ ನಿಯಮಗಳ ಒಳಸುಳಿ ಅವರಷ್ಟು ಯಾರಿಗೆ ಗೊತ್ತಿರಬೇಕು? 1972ರಲ್ಲಿ ಟಿಕೆಟ್ ಪಡೆದವರೂ ಅವರೇ. ನಾಲ್ಕು ವರ್ಷದ ಹಿಂದೆ ಅಧಿವೇಶನದ ಯಜಮಾನಿಕೆ ವಹಿಸಿದ್ದ ಷಿಕಾಗೋ ಮೇಯರ್ ರಿಚರ್ಡ್ ಡೇಲಿಯ ನಿಯೋಗಕ್ಕೆ ಈ ಸಲ ಒಳಗೆ ಜಾಗವೇ ಸಿಗಲಿಲ್ಲ. ಒಳಗೆ ಹೊಸ ಮುಖಗಳು, ಹೊಸ ಹುರುಪು, ಮುಗಿಯದ ಚರ್ಚೆ. ಕೊನೆಗೆ ಮೆಕ್‌ಗವರ್ನ್ ಭಾಷಣ ಆರಂಭಿಸಿದಾಗ ಬೆಳಗಿನ ಜಾವ ಮೂರರ ಹತ್ತಿರ. ಅವರು ಒಲಿಸಿಕೊಳ್ಳಬೇಕಿದ್ದ ನಡುವಿನ ಮತದಾರ ಆಗ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನವೆಂಬರಿನಲ್ಲಿ 49 ರಾಜ್ಯಗಳು ರಿಪಬ್ಲಿಕನ್ ಪಕ್ಷದ ನಿಕ್ಸನ್ ಪಾಲಾದವು.

ಎಂಟು ವರ್ಷ ಹಿಂದೆ ಇದೇ ಪಾಠವನ್ನು ಎದುರು ಪಕ್ಷ ಕಲಿತಿತ್ತು. 1964ರ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್, ಸ್ವಾತಂತ್ರ್ಯದ ರಕ್ಷಣೆಗಾಗಿ ಉಗ್ರವಾದ ದೋಷವೇ ಅಲ್ಲ ಎಂದು ವೇದಿಕೆಯಿಂದಲೇ ಸಾರಿ ಸಭಾಂಗಣವನ್ನು ಕುಣಿಸಿದರು. ಗೆದ್ದದ್ದು ಆರೇ ರಾಜ್ಯ.

ಇದಕ್ಕೆ ಅರ್ಥಶಾಸ್ತ್ರಜ್ಞರ ಬಳಿ ಒಂದು ಲೆಕ್ಕವಿದೆ. 1929ರಲ್ಲಿ ಹೆರಾಲ್ಡ್ ಹೋಟೆಲಿಂಗ್ ವಿವರಿಸಿದ್ದು: ಉದ್ದನೆಯ ಬೀದಿಯಲ್ಲಿ ಇಬ್ಬರು ವ್ಯಾಪಾರಿಗಳಿದ್ದರೆ, ಹೆಚ್ಚು ಗಿರಾಕಿಗಳನ್ನು ಹಿಡಿಯುವ ಆಸೆಗೆ ಇಬ್ಬರೂ ಬೀದಿಯ ನಡುಮಧ್ಯಕ್ಕೆ ಸರಿದು ಅಕ್ಕಪಕ್ಕ ಅಂಗಡಿ ಇಡುತ್ತಾರೆ. ಎರಡು ಪಕ್ಷಗಳೂ ಹಾಗೇ ಒಂದರಂತೆ ಒಂದು ಆಗುತ್ತವೆ ಎಂದು ಅವರೇ ಸೇರಿಸಿದ್ದರು. ಲೆಕ್ಕ ಚೆಂದವಿದೆ. ಆದರೆ ಬೀದಿಯ ನಡುವೆ ಅಂಗಡಿ ಇಡುವ ಮೊದಲು ಬೀದಿಯ ಒಂದು ತುದಿಯಲ್ಲಿ ಕಾವಲು ನಿಂತವರಿಂದ ಚೀಟಿ ಪಡೆಯಬೇಕು ಎಂಬುದು ಅದರಲ್ಲಿ ಬರುವುದಿಲ್ಲ. ಆ ತುದಿಗೆ ಹೋಗುವವರು ಕಡಿಮೆ. 2016ರಲ್ಲಿ ಅಮೆರಿಕದ ಅರ್ಹ ಮತದಾರರಲ್ಲಿ ಸುಮಾರು 60% ಜನ ಅಧ್ಯಕ್ಷ ಚುನಾವಣೆಗೆ ಬಂದರು, ಪ್ರೈಮರಿಗಳಿಗೆ ಬಂದವರು 30%ಕ್ಕಿಂತ ಕಡಿಮೆ. ಅದಕ್ಕೇ ಅಭ್ಯರ್ಥಿಗಳಿಗೆ ಎರಡು ನಾಲಿಗೆ ಬೆಳೆಯುವುದು. ಒಳಚುನಾವಣೆಯಲ್ಲಿ ಗುಡುಗು, ಆಮೇಲೆ ಮೃದು ಮಾತು.

ಹಾಗೆಂದು ನಡುವಿನ ಮತದಾರನೆಂದರೆ ಎಲ್ಲದರಲ್ಲೂ ಅರ್ಧರ್ಧ ಅಭಿಪ್ರಾಯದ ಸಾಧು ಪ್ರಾಣಿಯಲ್ಲ. ತೆರಿಗೆಯ ವಿಷಯದಲ್ಲಿ ಕಡು ಎಡ, ವಲಸೆಯ ವಿಷಯದಲ್ಲಿ ಕಡು ಬಲ ಆಗಿರುವವನೂ ಸಮೀಕ್ಷೆಯ ಸರಾಸರಿಯಲ್ಲಿ ‘ಮಧ್ಯಮಪಂಥೀಯ’ನೇ. ಇನ್ನು ಕೆಲವರಿಗೆ ರಾಜಕೀಯವೇ ತಲೆನೋವು. ಅವರು ನೋಡುವುದು ಜೇಬು ಮತ್ತು ಅಭ್ಯರ್ಥಿಯ ಮುಖ. 1980ರಲ್ಲಿ ರೊನಾಲ್ಡ್ ರೇಗನ್ ಇನ್ನೊಬ್ಬ ಗೋಲ್ಡ್‌ವಾಟರ್ ಆಗುತ್ತಾರೆಂದು ಡೆಮಾಕ್ರಟರು ಒಳಗೊಳಗೇ ಖುಷಿಪಟ್ಟಿದ್ದುಂಟು. ಎದುರಾಳಿಯೊಂದಿಗಿನ ಟಿವಿ ಚರ್ಚೆಯ ಕೊನೆಯಲ್ಲಿ ರೇಗನ್ ಸಿದ್ಧಾಂತದ ಮಾತೆತ್ತದೆ, ನಾಲ್ಕು ವರ್ಷದ ಹಿಂದಿಗಿಂತ ಈಗ ನೀವು ಚೆನ್ನಾಗಿದ್ದೀರಾ ಎಂದು ಕೇಳಿದರು, 44 ರಾಜ್ಯ ಗೆದ್ದರು. ನಿಲುವು ಬದಲಿಸದೆ ಮಾತಿನ ಧಾಟಿಯಿಂದಲೇ ನಡುವನ್ನು ಹಿಡಿಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬ್ರಿಟನ್ನಿನದು ಇದೇ ಕತೆ, ನಿಧಾನವಾಗಿ. 1965ರವರೆಗೂ ಕನ್ಸರ್ವೇಟಿವ್ ನಾಯಕ ಚುನಾಯಿತನಾಗುತ್ತಿರಲಿಲ್ಲ, ಹಿರಿಯರ ಸಮಾಲೋಚನೆಯಿಂದ ‘ಮೂಡಿಬರುತ್ತಿದ್ದ’. ಆಮೇಲೆ ಸಂಸದರು ಮತ ಹಾಕಿದರು, ಆಮೇಲೆ ಸದಸ್ಯರು. 2015ರಲ್ಲಿ ಲೇಬರ್ ಪಕ್ಷದ ಜೆರೆಮಿ ಕಾರ್ಬಿನ್‌ಗೆ 35 ಸಂಸದರ ಸಹಿ ಬೇಕಿತ್ತು. ಚರ್ಚೆಗೊಂದು ಕಳೆ ಬರಲಿ ಎಂದು, ಗೆಲ್ಲಲಿ ಎಂಬ ಇರಾದೆಯಿಲ್ಲದವರೂ ಸಹಿ ಹಾಕಿ 36 ಮಾಡಿದರು. ಸದಸ್ಯರು ಮತ್ತು ಬೆಂಬಲಿಗರು ಅವರನ್ನೇ ಗೆಲ್ಲಿಸಿದರು. 2022ರಲ್ಲಿ ಕನ್ಸರ್ವೇಟಿವ್ ಸಂಸದರ ಕೊನೆಯ ಸುತ್ತಿನಲ್ಲಿ ರಿಷಿ ಸುನಕ್ ಮುಂದಿದ್ದರು, ಸದಸ್ಯರು ಲಿಜ್ ಟ್ರಸ್ ಬೇಕೆಂದರು. ಅವರ ಪ್ರಧಾನಿಗಿರಿ ಏಳು ವಾರ ಬಾಳಿತು.

ಬಾಗಿಲನ್ನು ನಿಜಕ್ಕೂ ಎಲ್ಲರಿಗೂ ತೆರೆದು ನೋಡಿದ ಊರೂ ಒಂದಿದೆ. 2009ರಲ್ಲಿ ನೈಋತ್ಯ ಇಂಗ್ಲೆಂಡಿನ ಟಾಟ್ನೆಸ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಪಕ್ಷ ತನ್ನ ಸದಸ್ಯರಿಗಷ್ಟೇ ಅಲ್ಲ, ಕ್ಷೇತ್ರದ ಪ್ರತಿ ಮತದಾರರಿಗೂ ಅಂಚೆಯಲ್ಲಿ ಮತಪತ್ರ ಕಳಿಸಿತು. ನಮಗೆ ಎಂದೂ ಮತ ಹಾಕದವರೂ ನಮ್ಮ ಅಭ್ಯರ್ಥಿ ಯಾರೆಂದು ಹೇಳಲಿ ಎಂಬ ಧೈರ್ಯ. 16 ಸಾವಿರಕ್ಕೂ ಹೆಚ್ಚು ಮತಪತ್ರಗಳು ತುಂಬಿ ವಾಪಸು ಬಂದವು, ಎಂದರೆ ನಾಲ್ವರಲ್ಲಿ ಸುಮಾರು ಒಬ್ಬರು. ಸ್ಥಳೀಯ ಆಡಳಿತದಲ್ಲಿ ಪಳಗಿದ್ದ ಇಬ್ಬರನ್ನು ಹಿಂದಿಕ್ಕಿ ಟಿಕೆಟ್ ಗೆದ್ದವರು ಸಾರಾ ವೊಲ್ಲಸ್ಟನ್ ಎಂಬ ವೈದ್ಯೆ. ಮರುವರ್ಷ ಅವರು ಸಂಸದೆಯೂ ಆದರು. ಆದರೆ ಪಕ್ಷದ ಸಚೇತಕರಿಗೆ ತಲೆಬಾಗುವ ಜಾಯಮಾನ ಅವರದಾಗಿರಲಿಲ್ಲ. ಇಡೀ ಕ್ಷೇತ್ರ ಆರಿಸಿ ಕಳಿಸಿದವರು ಯಾರೋ ಸಚೇತಕನಿಗೆ ಯಾಕೆ ಹೆದರಬೇಕು! 2010ರ ಸಮ್ಮಿಶ್ರ ಸರ್ಕಾರ ಇಂಥ 200 ಅಂಚೆ ಪ್ರೈಮರಿಗಳಿಗೆ ಹಣ ಕೊಡುವುದಾಗಿ ಹೇಳಿತ್ತು. ಒಂದಕ್ಕೂ ಕೊಡಲಿಲ್ಲ. 2019ರಲ್ಲಿ ವೊಲ್ಲಸ್ಟನ್ ಪಕ್ಷವನ್ನೇ ಬಿಟ್ಟರು.

ಅಲಾಸ್ಕ ಬೇರೆ ದಾರಿ ಹಿಡಿಯಿತು. ಪಕ್ಷಗಳ ಪ್ರತ್ಯೇಕ ಪ್ರೈಮರಿಗಳನ್ನೇ ರದ್ದು ಮಾಡುವ ಪ್ರಸ್ತಾವಕ್ಕೆ 2020ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು. ಎಲ್ಲ ಪಕ್ಷದವರೂ ಒಂದೇ ಕಣದಲ್ಲಿ, ಮೊದಲ ನಾಲ್ವರು ಅಂತಿಮ ಸುತ್ತಿಗೆ, ಅಲ್ಲಿ ಮತದಾರರು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಗುರುತಿಸಬೇಕು. ಮೊದಲ ಪ್ರೀತಿ ಸೋತರೆ ಮತ ಮುಂದಿನವರಿಗೆ. ಲಿಂಕನ್ ಪತ್ರದ ಸೂತ್ರವೇ ಇಲ್ಲಿ ಕಾಯಿದೆಯಾದಂತಿದೆ. 2022ರಲ್ಲಿ ಟ್ರಂಪ್ ಬೆಂಬಲಿತ ಎದುರಾಳಿಯನ್ನು ಮರ್ಕೌಸ್ಕಿ ಡೆಮಾಕ್ರಟ್ ಮತದಾರರ ಎರಡನೇ ಪ್ರಾಶಸ್ತ್ಯದ ಮತಗಳ ಬಲದಿಂದ ಸೋಲಿಸಿದರು. ರಿಪಬ್ಲಿಕನ್ನರ ಕೋಟೆಯೆನಿಸಿದ್ದ ಆ ರಾಜ್ಯದ ಏಕೈಕ ಕೆಳಮನೆ ಸ್ಥಾನಕ್ಕೆ ಸಾರಾ ಪೇಲಿನ್ ಎದುರು ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ ಗೆದ್ದರು.

2024ರಲ್ಲಿ ಈ ಪದ್ಧತಿಯನ್ನು ಕಿತ್ತುಹಾಕಬೇಕೇ ಎಂದು ಮತದಾರರನ್ನೇ ಮತ್ತೆ ಕೇಳಲಾಯಿತು. ಮೂರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಸಾವಿರಕ್ಕೂ ಕಡಿಮೆ ಅಂತರದಲ್ಲಿ ಅದು ಉಳಿಯಿತು. ಪೆಲ್ಟೋಲಾ ಅದೇ ಚುನಾವಣೆಯಲ್ಲಿ ಸೋತರು.