ಕುಡುಗೋಲು ಕಣದ ರಕ್ತಹೀನತೆ: ನೈಜೀರಿಯದ ಮೂಲಿಕೆಗಳು ಪರೀಕ್ಷೆಗೆ ಒಳಗಾದ ಬಗೆ

ಮೂಲಿಕೆಯೊಂದು ರಕ್ತಹೀನತೆಗೆ ಮದ್ದೇ ಎಂದು ಕೇಳುವ ಮುನ್ನ, ಅದು ಯಾವ ರಕ್ತಹೀನತೆ ಎಂಬುದು ಇತ್ಯರ್ಥವಾಗಬೇಕು. ಕಬ್ಬಿಣಾಂಶದ ಕೊರತೆಯಿಂದ ಬರುವುದು ಒಂದು ಬಗೆಯಾದರೆ, ತಂದೆ ತಾಯಿ ಇಬ್ಬರ ವಂಶವಾಹಿಗಳಿಂದಲೂ ಇಳಿದು ಬರುವ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ, ಬೇರೆಯೇ ಬಗೆ. ಇದರಲ್ಲಿ ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಎಳೆಗಟ್ಟುತ್ತವೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲೇ ನಾಶವಾಗುತ್ತದೆ. ಹೀಗಾಗಿ ರೋಗಿಗೆ ಎರಡು ಸಂಕಟ: ಏಕಾಏಕಿ ಬಂದೆರಗುವ ತೀವ್ರ ನೋವು ಮತ್ತು ಮುಗಿಯದ ರಕ್ತಹೀನತೆ. ಒಂದನ್ನು ತಗ್ಗಿಸಿದ ಔಷಧ ಇನ್ನೊಂದನ್ನೂ ತಗ್ಗಿಸುತ್ತದೆ ಎನ್ನುವಂತಿಲ್ಲ. ಮೂಲಿಕೆಗಳ ಪರೀಕ್ಷೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಮರೆತುಹೋದದ್ದು ಇದೇ.

ಬಾಗಿದ ಕಣಗಳನ್ನು 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ವರದಿ ಮಾಡಿದರು. ದೋಷ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು 1949ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ತಂಡ ತೋರಿಸಿತು. ಈ ರೋಗದೊಂದಿಗೆ ಅತಿ ಹೆಚ್ಚು ಮಕ್ಕಳು ಹುಟ್ಟುವ ದೇಶ ನೈಜೀರಿಯ. ಮದ್ದಿನ ಹುಡುಕಾಟ ಅಲ್ಲಿಯೇ ಬಿರುಸಾದದ್ದು ಸಹಜ.

ಅಲ್ಲಿ ಹಲ್ಲುಜ್ಜಲು ಬಳಸುವ ಫಗಾರಾ ಎಂಬ ಮರದ ಬೇರು ಮೊದಲು ಗಮನ ಸೆಳೆಯಿತು. ನಮ್ಮ ಮಲೆನಾಡು, ಕರಾವಳಿಗಳ ಜುಮ್ಮನಕಾಯಿ ಮರ ಇದರ ಹತ್ತಿರದ ಬಳಗ. ಬೇರಿನ ಸಾರ ಬಾಗಿದ ಕಣಗಳನ್ನು ಮೊದಲಿನ ಆಕಾರಕ್ಕೆ ತರುತ್ತದೆ ಎಂದು 1971ರಲ್ಲಿ ಸೊಫೊವೊರಾ ಮತ್ತು ಐಸಾಕ್ಸ್ ಎಂಬ ಸಂಶೋಧಕರು ಪ್ರಕಟಿಸಿದರು. ಇಂಥ ಪ್ರಯೋಗದ ಕ್ರಮ ಸರಳ: ಗಾಜಿನ ಪಟ್ಟಿಯ ಮೇಲೆ ರೋಗಿಯ ರಕ್ತದ ಒಂದು ಹನಿ, ಆಮ್ಲಜನಕವನ್ನು ಹೀರಿಕೊಳ್ಳಲು ಸೋಡಿಯಂ ಮೆಟಾಬೈಸಲ್ಫೈಟ್, ಗಾಳಿಯಾಡದಂತೆ ಮೇಲೊಂದು ತೆಳುಗಾಜು, ಕಣಗಳು ಬಾಗುತ್ತವೆ, ಸಾರ ಬೆರೆಸಿದಾಗ ಎಷ್ಟು ಕಣಗಳು ಮತ್ತೆ ದುಂಡಗಾದವು ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಅಗ್ಗದ, ಕಣ್ಣಿಗೆ ಕಾಣುವ ಪರೀಕ್ಷೆಯಾದ್ದರಿಂದ ಹತ್ತಾರು ಗಿಡಗಳು ಇದರಲ್ಲಿ ತೇರ್ಗಡೆಯಾದವು. ಆದರೆ ಗಾಜಿನ ಮೇಲೆ ಸುರಿದಷ್ಟು ಸಾರ, ಹೊಟ್ಟೆ ಮತ್ತು ಯಕೃತ್ತನ್ನು ದಾಟಿ ರಕ್ತಕ್ಕೆ ಸೇರುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಈ ಪರೀಕ್ಷೆಗೆ ಸಲ್ಲದಷ್ಟು ಮರ್ಯಾದೆ ಸಂದಿದೆ ಎಂದೇ ನನ್ನ ಅಭಿಪ್ರಾಯ.

1985ರಲ್ಲಿ ಎಕೆಕೆ ಮತ್ತು ಶೋಡೆ ಎಂಬ ಸಂಶೋಧಕರು ಇದೇ ಗುಣವನ್ನು ತೊಗರಿ ಕಾಳಿನಲ್ಲಿ ಕಂಡರು. ಅದರಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವೇ ಮುಖ್ಯ ಕಾರಣವೆಂದು ಮುಂದೆ ಹೇಳಿದರು. ತೊಗರಿ ಮೂಲದ ಸಿಕ್ಲಾವಿಟ್ ಎಂಬ ಔಷಧ ಮಾರುಕಟ್ಟೆಗೂ ಬಂತು.

ಇವೆಲ್ಲಕ್ಕಿಂತ ಗಟ್ಟಿಯಾದ ಪ್ರಯತ್ನ ನಿಪ್ರಿಸಾನ್. ನಾಟಿ ವೈದ್ಯರೊಬ್ಬರ ಪಾಕವನ್ನು ಆಧರಿಸಿ ಅಬುಜಾದ ರಾಷ್ಟ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಇದರಲ್ಲಿ ಪಶ್ಚಿಮ ಆಫ್ರಿಕಾದ ಕಾಡುಮೆಣಸು, ಲವಂಗ, ಜೋಳದ ಎಲೆ ಮತ್ತು ಹೊನ್ನೆಯ ಜಾತಿಯ ಒಂದು ಮರದ ಕಾಂಡ ಸೇರಿದ್ದವು. 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 82 ರೋಗಿಗಳಿದ್ದರು. ಯಾರಿಗೆ ಔಷಧ, ಯಾರಿಗೆ ತೋರಿಕೆಯ ಗುಳಿಗೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ಕೊಟ್ಟು, ಅವಧಿಯ ನಡುವೆ ಎರಡನ್ನೂ ಅದಲು ಬದಲು ಮಾಡಲಾಗಿತ್ತು. ತೀವ್ರ ನೋವಿನ ಸರದಿಗಳು ಕಡಿಮೆಯಾದವು. ಆದರೆ ಈ ಪುರಾವೆಯನ್ನು ತೂಗಿ ನೋಡಿದ ಕಾಕ್ರೇನ್ ವಿಮರ್ಶೆ (ಚಿಕಿತ್ಸೆಗಳ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವರದಿ), ರಕ್ತಹೀನತೆಯ ಮಟ್ಟದಲ್ಲಿ ವ್ಯತ್ಯಾಸವಾಗಲಿಲ್ಲ ಎಂದು ಗುರುತಿಸಿತು. ತೊಗರಿಯ ಔಷಧದ ಏಕೈಕ ಪರೀಕ್ಷೆಯಲ್ಲಿ ನೋವು ತಗ್ಗಿರಬಹುದಾದರೂ, ರಕ್ತಹೀನತೆ ತುಸು ಹೆಚ್ಚಾಗಿರಬಹುದೆಂಬ ಸುಳಿವಿತ್ತು. ಅದು ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಖಚಿತವಾದುದಲ್ಲ.

ನಿಪ್ರಿಸಾನ್‌ನ ಹಕ್ಕನ್ನು 2002ರಲ್ಲಿ ಅಮೆರಿಕದ ಕಂಪನಿಯೊಂದು ಪಡೆಯಿತು, 2006ರಲ್ಲಿ ನೈಜೀರಿಯದಲ್ಲಿ ನಿಕೋಸಾನ್ ಹೆಸರಿನಲ್ಲಿ ಮಾರಾಟಕ್ಕೆ ತಂದಿತು, 2008ರಲ್ಲಿ ದಿವಾಳಿಯಾಯಿತು. ಪರೀಕ್ಷೆಯಲ್ಲಿ ಸೋಲದ ಔಷಧ ಹಣಕಾಸಿನಲ್ಲಿ ಸೋತಿತು.

ಅಷ್ಟರಲ್ಲಿ ಹೈಡ್ರಾಕ್ಸಿಯೂರಿಯಾ ಎಂಬ ರಾಸಾಯನಿಕ ಔಷಧ 1998ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದಿತ್ತು. ಅದು ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಎಳೆಗಟ್ಟುವಿಕೆಯನ್ನು ತಡೆಯುತ್ತದೆ. ಅಂಗೋಲ, ಕಾಂಗೋ, ಕೀನ್ಯಾ, ಉಗಾಂಡಗಳ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋವು ಇಳಿಯಿತು, ಹಿಮೋಗ್ಲೋಬಿನ್ ಏರಿತು. ಇನ್ನು ಮುಂದೆ ಯಾವ ಮೂಲಿಕೆ ಬಂದರೂ ಅದನ್ನು ಬರಿಯ ತೋರಿಕೆಯ ಗುಳಿಗೆಯೊಂದಿಗೆ ಹೋಲಿಸಿದರೆ ಸಾಲದು; ಈ ಔಷಧದ ಪಕ್ಕದಲ್ಲಿಟ್ಟು, ನೋವು ಮತ್ತು ಹಿಮೋಗ್ಲೋಬಿನ್ ಎರಡನ್ನೂ ಅಳೆಯಬೇಕಾಗುತ್ತದೆ.