ಬೇಳೆ ಕಟ್ಟು ಕುಡಿದರೆ ಪ್ರೋಟೀನ್ ಸಾಕಾಗುತ್ತದೆಯೇ? ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟದ ಲೆಕ್ಕ

ಪ್ರಶ್ನೆ: ನಮ್ಮ ತಾಯಿಗೆ ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿದೆ. ನಾವು ಸಸ್ಯಾಹಾರಿಗಳು. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೆಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದಾರೆ. ಪೌಡರ್ ಕುಡಿದರೆ ಕಿಡ್ನಿ ಹಾಳಾಗುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುವುದರಿಂದ ಮೂರು ಹೊತ್ತೂ ಬೇಳೆ ಕಟ್ಟು ಮತ್ತು ರಾಗಿ ಗಂಜಿ ಕೊಡುತ್ತಿದ್ದೇವೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಕಾಗುವುದಿಲ್ಲ, ಅಗತ್ಯದ ಕಾಲು ಭಾಗವೂ ಇದರಿಂದ ಸಿಗುವುದಿಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಗಳಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ. ಇದೇ ಉತ್ತರವನ್ನು ಎಷ್ಟು ಬಾರಿ ಹೇಳಿದರೂ, ಮುಂದಿನ ತಪಾಸಣೆಗೆ ಬರುವಾಗ ಫ್ಲಾಸ್ಕಿನಲ್ಲಿ ಅದೇ ಕಟ್ಟು ಜೊತೆಗೆ ಬಂದಿರುತ್ತದೆ. ಬೇಡ ಎಂದಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂಬುದು ನನಗೀಗ ಮನವರಿಕೆಯಾಗಿದೆ. ಆದ್ದರಿಂದ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಮೊದಲು ಆ 60 ಗ್ರಾಂ ಎಂಬ ಅಂಕಿಯ ಬಗ್ಗೆ ಒಂದಿಷ್ಟು. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. 55 ಕಿಲೋ ತೂಕದ ಮಹಿಳೆಗೆ ಅದು ಸುಮಾರು 46 ಗ್ರಾಂ. ಶಸ್ತ್ರಚಿಕಿತ್ಸೆಯಾದವರಿಗೆ ಇಷ್ಟು ಸಾಲದು. ತಿಂಗಳುಗಟ್ಟಲೆ ಅತಿ ಕಡಿಮೆ ಆಹಾರದಲ್ಲಿ ನಡೆಯಬೇಕಾದ ದೇಹವು ಕೊಬ್ಬನ್ನು ಕರಗಿಸುವುದರ ಜೊತೆಗೆ ಸ್ನಾಯುವನ್ನೂ ಒಡೆದು ಬಳಸಿಕೊಳ್ಳುತ್ತದೆ, ಏಕೆಂದರೆ ಕೊಬ್ಬಿಗಿರುವಂತಹ ದಾಸ್ತಾನು ಪ್ರೋಟೀನಿಗೆ ದೇಹದಲ್ಲಿ ಇಲ್ಲ. ಹಾಗಾಗಿಯೇ ದಿನಕ್ಕೆ ಕನಿಷ್ಠ 60 ಗ್ರಾಂ, ಕೆಲವರಿಗೆ ಆದರ್ಶ ತೂಕದ ಪ್ರತಿ ಕಿಲೋಗೆ 1.5 ಗ್ರಾಂವರೆಗೂ ಹೇಳಲಾಗುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ತಕ್ಕಡಿಯ ಮೇಲೆ ಇಂದು ಕಾಣುವ ತೂಕವನ್ನಲ್ಲ, ಎತ್ತರಕ್ಕೆ ತಕ್ಕಂತೆ ಇರಬೇಕಾದ ತೂಕವನ್ನು. ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯಾದ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಲ್ಲಿ ಆಹಾರವು ಸಣ್ಣ ಕರುಳಿನ ಒಂದು ಭಾಗವನ್ನು ಮುಟ್ಟದೆಯೇ ಹೋಗುವುದರಿಂದ ಅವರು ಇನ್ನೂ ಎಚ್ಚರ ವಹಿಸಬೇಕು.

ಈಗ ಕಟ್ಟಿನ ವಿಷಯಕ್ಕೆ ಬರೋಣ. ಯುಗಾದಿಗೆ ಹೋಳಿಗೆ ಮಾಡುವ ದಿನ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಬೆಂದಾಗ, ಕರಗಿಹೋಗುವ ಮೊದಲೇ ಇಳಿಸಿ ನೀರು ಬಸಿಯುತ್ತೇವೆ. ಬಸಿದ ಕಟ್ಟು ಒಬ್ಬಟ್ಟಿನ ಸಾರಿಗೆ ಹೋಗುತ್ತದೆ. ಉಳಿದ ಬೇಳೆ ಬೆಲ್ಲದೊಂದಿಗೆ ರುಬ್ಬಿ ಹೂರಣವಾಗುತ್ತದೆ. ಪಾತ್ರೆಗೆ ಹಾಕಿದ ಬೇಳೆಯಲ್ಲಿದ್ದ ಪ್ರೋಟೀನಿನ ಬಹುಪಾಲು ಹೂರಣಕ್ಕೆ ಹೋಯಿತೇ ಹೊರತು ಸಾರಿಗಲ್ಲ. ಬಸ್ಸಾರಿನಲ್ಲಿಯೂ ಹೀಗೆಯೇ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು ಆಗುತ್ತದೆ, ಪ್ರೋಟೀನ್ ಇರುವ ಕಾಳು ಪಲ್ಯದ ಬಾಣಲೆಗೆ ಹೋಗುತ್ತದೆ. ನಾವು ರೋಗಿಗೆ ಸಾರನ್ನು ಕೊಟ್ಟು, ಪಲ್ಯವನ್ನು ಮನೆಯ ಉಳಿದವರಿಗೆ ಬಡಿಸುತ್ತೇವೆ.

ಕಟ್ಟು ಮಂದವಾಗಿರುತ್ತದೆಯಲ್ಲ, ಹಳದಿಯಾಗಿರುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಆ ಮಂದಕ್ಕೆ ಮುಖ್ಯ ಕಾರಣ ಬೇಯುವಾಗ ನೀರಿಗೆ ಬಿಟ್ಟುಕೊಂಡ ಪಿಷ್ಟ. ಬಣ್ಣ ಬೇಳೆಯದ್ದು ಮತ್ತು ಅರಿಶಿನದ್ದು. ಗಾಜಿನ ಲೋಟದಲ್ಲಿ ಕಟ್ಟನ್ನು ಸುರಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಬಸಿಯುವಾಗ ಜೊತೆಗೆ ಬಂದ ಬೇಳೆಯ ನುಣ್ಣನೆಯ ಗಸಿ ತಳದಲ್ಲಿ ತೆಳುವಾಗಿ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಕಟ್ಟಿನಲ್ಲಿ ಪ್ರೋಟೀನ್ ಎಂದು ಏನಾದರೂ ಇದ್ದರೆ ಅದರ ಹೆಚ್ಚಿನ ಪಾಲು ಆ ಗಸಿಯಲ್ಲಿದೆ, ಮತ್ತು ತಾಯಿಯವರ ಹೊಟ್ಟೆಗೆ ಒಗ್ಗಲಿ ಎಂದು ನೀವು ಸೋಸಿ ತೆಗೆಯುತ್ತಿರುವುದು ಅದನ್ನೇ.

ಸೋಸದೆ, ಬೇಳೆಯನ್ನೆಲ್ಲ ಕಡೆದು ಸಾರಿಗೇ ಸೇರಿಸಿದ್ದೀರಿ ಎಂದೇ ಇಟ್ಟುಕೊಳ್ಳೋಣ. ನಾಲ್ಕು ಜನರ ಮನೆಯಲ್ಲಿ ಒಂದೂವರೆ ಲೀಟರ್ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕುತ್ತಾರೆ ಎಂದು ಲೆಕ್ಕ ಹಿಡಿದರೆ, ಆ 100 ಗ್ರಾಂ ಬೇಳೆಯಲ್ಲಿರುವ ಒಟ್ಟು ಪ್ರೋಟೀನ್ ಸುಮಾರು 22 ಗ್ರಾಂ. ಒಂದೂವರೆ ಲೀಟರಿಗೆ 22 ಗ್ರಾಂ ಎಂದರೆ 150 ಮಿಲಿಲೀಟರ್ ಬಟ್ಟಲಿಗೆ ಎರಡು ಗ್ರಾಂ ಚಿಲ್ಲರೆ. 60 ಗ್ರಾಂ ತುಂಬಬೇಕಾದರೆ ದಿನಕ್ಕೆ ನಾಲ್ಕು ಲೀಟರ್ ಸಾರು ಕುಡಿಯಬೇಕು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ 75ರಿಂದ 80 ಶೇಕಡಾ ಭಾಗವನ್ನು ತೆಗೆದುಹಾಕಿರುತ್ತಾರೆ. ಆರಂಭದಲ್ಲಿ ಉಳಿಯುವ ಕೊಳವೆಯಂತಹ ಜಠರದಲ್ಲಿ ಹಿಡಿಸುವುದು 100ರಿಂದ 150 ಮಿಲಿಲೀಟರ್. ಇಷ್ಟೇ ಜಾಗವಿರುವ ಹೊಟ್ಟೆಯನ್ನು ಬೇಳೆಯ ನೀರಿನಿಂದ ತುಂಬಿಸಿದರೆ, ಅಮ್ಮ ಹೊಟ್ಟೆ ತುಂಬಿತು ಎನ್ನುತ್ತಾರೆ, ನಿಜವಾಗಿ ತುಂಬಿಯೂ ಇರುತ್ತದೆ, ಪ್ರೋಟೀನ್ ಮಾತ್ರ ಒಳಗೆ ಹೋಗಿರುವುದಿಲ್ಲ. ಅದೇ ಸಣ್ಣ ಬಟ್ಟಲಿನಲ್ಲಿ 30 ಗ್ರಾಂ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ, ಕಡೆದು, ತೊವ್ವೆಯಂತೆ ಕೊಟ್ಟಿದ್ದರೆ ಆರೂವರೆ ಗ್ರಾಂ ಸಿಗುತ್ತಿತ್ತು.

ಇಷ್ಟು ಹೇಳಿದ ಮೇಲೂ "ಆಸ್ಪತ್ರೆಯವರೇ ಕಟ್ಟು ಕೊಡಿ ಎಂದಿದ್ದರಲ್ಲ" ಎಂಬ ಮಾತು ಬರುತ್ತದೆ, ಮತ್ತು ಈ ಮಾತು ಸುಳ್ಳಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಒಂದೆರಡು ದಿನ ತಿಳಿಯಾದ ದ್ರವಗಳನ್ನಷ್ಟೇ ಕೊಡುವಾಗ ಸೋಸಿದ ಕಟ್ಟು, ಎಳನೀರು ಇವೆಲ್ಲ ಪಟ್ಟಿಯಲ್ಲಿರುತ್ತವೆ. ಆಗ ಅವುಗಳ ಕೆಲಸ ನೀರು ಮತ್ತು ಉಪ್ಪನ್ನು ಒದಗಿಸುವುದು. ಜ್ವರ ಬಂದವರಿಗೆ ನಮ್ಮ ಅಜ್ಜಿಯರು ಕಟ್ಟು ಕೊಟ್ಟಿದ್ದೂ ಇದೇ ಕಾರಣಕ್ಕೆ, ಅದು ಸರಿಯಾದ ಕ್ರಮವೇ. ನಾಲ್ಕು ದಿನದ ಪಥ್ಯವನ್ನು ನಾಲ್ಕು ತಿಂಗಳಿಗೆ ಎಳೆದಾಗ ಮಾತ್ರ ಸ್ನಾಯು ಕರಗುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ, ಕೂದಲು ಹಿಡಿಹಿಡಿಯಾಗಿ ಬರುತ್ತದೆ, ಕೊರತೆ ತೀವ್ರವಾದರೆ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದು ಪಾದ ಊದಿಕೊಳ್ಳುತ್ತದೆ. ತೂಕ ಚೆನ್ನಾಗಿ ಇಳಿಯುತ್ತಿದೆ ಎಂದು ಮನೆಯವರು ಸಂತೋಷಪಡುತ್ತಿರುವಾಗಲೇ ಇದೆಲ್ಲ ನಡೆದಿರುತ್ತದೆ.

ರಾಗಿ ಗಂಜಿಯ ಲೆಕ್ಕವೂ ಬೇರೆಯಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್. ಒಂದು ಲೋಟ ಗಂಜಿಗೆ ಹಾಕುವ 20 ಗ್ರಾಂ ಹಿಟ್ಟಿನಲ್ಲಿ ಒಂದೂವರೆ ಗ್ರಾಂ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಅದರ ಬಗ್ಗೆ ನನಗೂ ಗೌರವವಿದೆ, ಆದರೆ ಅದು ಪ್ರೋಟೀನಿನ ಜಾಗವನ್ನು ತುಂಬುವುದಿಲ್ಲ. ಮಾಂಸಾಹಾರಿಗಳ ಮನೆಯಲ್ಲಿ ಕಟ್ಟಿನ ಸ್ಥಾನದಲ್ಲಿ ಕಾಲು ಸೂಪ್ ಇರುತ್ತದೆ. ಅದರಲ್ಲಿ ಬರುವುದು ಹೆಚ್ಚಾಗಿ ಮೂಳೆಯಿಂದ ಬಿಡುವ ಜೆಲಾಟಿನ್, ಅದರಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ (ಆಹಾರದಿಂದಲೇ ಬರಬೇಕಾದ ಪ್ರೋಟೀನಿನ ಒಂದು ಘಟಕ) ಇಲ್ಲ. ಸೂಪಿನ ಬದಲು ಮೆತ್ತಗೆ ಬೇಯಿಸಿದ ಮೀನಿನ ಎರಡು ತುಂಡು ಎಷ್ಟೋ ಮೇಲು.

ಹಾಗಾದರೆ ಕೊಡಬೇಕಾದ್ದೇನು? ಎರಡನೆಯ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಮೆತ್ತನೆಯ ಗಟ್ಟಿ ಆಹಾರಕ್ಕೆ ಬಂದಿರಬೇಕು. ನಿಮ್ಮ ಶಸ್ತ್ರವೈದ್ಯರು ಕೊಟ್ಟ ಹಂತಗಳ ಪಟ್ಟಿಯನ್ನು ನೋಡಿ, ಅವರ ಒಪ್ಪಿಗೆ ಪಡೆದು ಮುಂದುವರಿಯಿರಿ. 200 ಮಿಲಿಲೀಟರ್ ಕೆನೆ ತೆಗೆದ ಹಾಲಿನಲ್ಲಿ 6 ಗ್ರಾಂ, 50 ಗ್ರಾಂ ಮೆತ್ತನೆಯ ಪನೀರಿನಲ್ಲಿ 9 ಗ್ರಾಂ, ಗಟ್ಟಿ ತೊವ್ವೆಯ ಒಂದು ಸಣ್ಣ ಬಟ್ಟಲಿನಲ್ಲಿ ಆರೂವರೆ, 20 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಬೇಯಿಸಿ ರುಬ್ಬಿದರೆ 10, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನಲ್ಲಿ ಮಾಮೂಲಿ ಮೊಸರಿಗಿಂತ ಹೆಚ್ಚು. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ. ತಟ್ಟೆಯಲ್ಲಿ ಪ್ರೋಟೀನ್ ಇರುವ ಪದಾರ್ಥವನ್ನು ಮೊದಲು ತಿಂದು, ಜಾಗ ಉಳಿದರೆ ಅನ್ನ ಅಥವಾ ಮುದ್ದೆಯ ಕಡೆ ಹೋಗಬೇಕು. ಚೆನ್ನಾಗಿ ಅಗಿದು, ಇಪ್ಪತ್ತು ಮೂವತ್ತು ನಿಮಿಷ ತೆಗೆದುಕೊಂಡು ತಿನ್ನಲಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಲಿ.

ಮೇಲಿನದನ್ನೆಲ್ಲ ಕೂಡಿಸಿ ನೋಡಿ, ಮೊಟ್ಟೆ ಮುಟ್ಟದ ಮನೆಯಲ್ಲಿ ಅದು ಮೂವತ್ತೈದು ಗ್ರಾಂ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಅದೂ ಅಮ್ಮ ಎಲ್ಲವನ್ನೂ ತಿಂದು ಮುಗಿಸಿದರೆ. ಉಳಿದದ್ದಕ್ಕೇ ಪೌಡರ್. ಹಾಲನ್ನು ಹೆಪ್ಪುಗಟ್ಟಿಸಿ ಚೀಸ್ ತೆಗೆದಾಗ ಉಳಿಯುವ ನೀರಿನಲ್ಲಿರುವ ಪ್ರೋಟೀನನ್ನು ಬೇರ್ಪಡಿಸಿ, ಒಣಗಿಸಿ ಪುಡಿ ಮಾಡಿದ್ದೇ ವೇ ಪ್ರೋಟೀನ್. ಅದರಲ್ಲಿ ಔಷಧವೂ ಇಲ್ಲ, ಹಾರ್ಮೋನೂ ಇಲ್ಲ. ಮೂತ್ರಪಿಂಡಗಳು ಆರೋಗ್ಯವಾಗಿರುವವರಿಗೆ ದಿನಕ್ಕೆ ಒಟ್ಟು 60ರಿಂದ 80 ಗ್ರಾಂ ಪ್ರೋಟೀನ್ ಹಾನಿ ಮಾಡುವುದಿಲ್ಲ. ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವವರು, ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ನಿಗದಿ ಮಾಡಿಸಿಕೊಳ್ಳಬೇಕು. ಕೊಳ್ಳುವಾಗ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ: ಒಂದು ಅಳತೆ ಚಮಚಕ್ಕೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರಬೇಕು, ಸಕ್ಕರೆ ತೀರಾ ಕಡಿಮೆ ಇರಬೇಕು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇರಬೇಕು. ಹಾಲಿನಲ್ಲಿರುವ ಸಕ್ಕರೆ ಒಗ್ಗದವರಿಗೆ ಅದನ್ನು ಬಹುಪಾಲು ತೆಗೆದ, ಐಸೊಲೇಟ್ ಎಂದು ಬರೆದಿರುವುದು ಅಥವಾ ಸೋಯಾದ್ದು ಸರಿಹೋಗುತ್ತದೆ. ಮಕ್ಕಳಿಗೆ ಕೊಡುವ ಮಾಲ್ಟ್ ಪುಡಿಗಳನ್ನು ಪ್ರೋಟೀನ್ ಎಂದು ತರಬೇಡಿ. ಅವುಗಳಲ್ಲಿ ಸಕ್ಕರೆಯೇ ಹೆಚ್ಚು, ಬೈಪಾಸ್ ಆದವರು ಅಂಥದ್ದನ್ನು ಕುಡಿದರೆ ಎದೆ ಹೊಡೆದುಕೊಂಡು, ಬೆವರಿ, ಭೇದಿಯಾಗುವ ಡಂಪಿಂಗ್ ತೊಂದರೆ ಕಾಣಿಸಿಕೊಳ್ಳಬಹುದು. ಕುದಿಯುವ ಹಾಲಿಗೆ ಪೌಡರ್ ಹಾಕಿದರೆ ಗಂಟು ಕಟ್ಟುತ್ತದೆ. ತಣ್ಣಗಿನ ಮಜ್ಜಿಗೆಯಲ್ಲಿ ಅಥವಾ ಉಗುರುಬೆಚ್ಚಗಿನ ಹಾಲಿನಲ್ಲಿ ಅರ್ಧರ್ಧ ಚಮಚವಾಗಿ, ದಿನದಲ್ಲಿ ಹಂಚಿ ಕೊಡಿ. ಮೂತ್ರಪಿಂಡದ ಬಗ್ಗೆ ಕಾಳಜಿಯಿದ್ದರೆ ದಿನಕ್ಕೆ ಒಂದೂವರೆ ಲೀಟರ್ ದ್ರವ ಒಳಗೆ ಹೋಗುತ್ತಿದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಈ ಶಸ್ತ್ರಚಿಕಿತ್ಸೆಯ ನಂತರ ಕಲ್ಲು ಕಟ್ಟುವುದು ಹೆಚ್ಚಾಗಿ ನೀರು ಸಾಲದವರಲ್ಲಿ.

ನೀವು ಕೇಳದಿದ್ದರೂ ಒಂದು ವಿಷಯವನ್ನು ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಕಟ್ಟಿಗೆ ಅಂಟಿಕೊಳ್ಳುವುದು ನಂಬಿಕೆಯಿಂದಲ್ಲ, ಬೇರೇನು ಕೊಟ್ಟರೂ ವಾಂತಿಯಾಗುತ್ತದೆ ಎಂಬ ಕಾರಣದಿಂದ. ಅವಸರದಲ್ಲಿ ನುಂಗಿದ್ದಕ್ಕೆ ಒಮ್ಮೆ ವಾಂತಿಯಾದರೆ ಗಾಬರಿಯಿಲ್ಲ. ಎರಡು ಮೂರು ದಿನ ಬಿಡದೆ ವಾಂತಿಯಾಗುತ್ತಿದ್ದರೆ, ಅಥವಾ ನೀರೂ ನಿಲ್ಲದಿದ್ದರೆ, ಮನೆಯಲ್ಲಿ ಕಾಯಬಾರದು, ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ಅಂದೇ ತಿಳಿಸಬೇಕು. ದೇಹದಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವದ ಸಂಗ್ರಹ ಎರಡು ಮೂರು ವಾರಗಳಿಗೆ ಮಾತ್ರ ಸಾಕಾಗುತ್ತದೆ. ಸರಿಯಾಗಿ ತಿನ್ನದೆ, ತಿಂದದ್ದೂ ನಿಲ್ಲದೆ ಇದ್ದಾಗ ಅದು ಬೇಗ ಬರಿದಾಗುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಈ ಕೊರತೆ ಮಿದುಳಿಗೆ ತಟ್ಟಿದ ಲಕ್ಷಣಗಳು, ಚಿಕಿತ್ಸೆ ತಡವಾದರೆ ಹಾನಿ ಶಾಶ್ವತವಾಗಬಹುದು.

ಸುಸ್ತು ಎಂದೊಡನೆ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಥಯಮಿನ್ ಬರಿದಾಗಿರುವ ದೇಹಕ್ಕೆ ಗ್ಲೂಕೋಸನ್ನಷ್ಟೇ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೇಲೆ ಹೇಳಿದ ಲಕ್ಷಣಗಳು ಒಮ್ಮೆಲೇ ಉಲ್ಬಣಿಸಬಹುದು. ಆದ್ದರಿಂದ ಗ್ಲೂಕೋಸಿಗೆ ಮೊದಲು ಥಯಮಿನ್ ಚುಚ್ಚುಮದ್ದು ಹೋಗಬೇಕು, ಮತ್ತು ಅದನ್ನು ಕೊಡುವ ವೈದ್ಯರಿಗೆ ಇವರಿಗೆ ಇಂಥ ಶಸ್ತ್ರಚಿಕಿತ್ಸೆಯಾಗಿದೆ ಎಂಬುದು ಗೊತ್ತಿರಬೇಕು. ಶಸ್ತ್ರಚಿಕಿತ್ಸೆಯ ಹೆಸರು, ಅದು ನಡೆದ ದಿನಾಂಕ, ಶಸ್ತ್ರವೈದ್ಯರ ಫೋನ್ ಸಂಖ್ಯೆ, "ಗ್ಲೂಕೋಸಿಗೆ ಮೊದಲು ಥಯಮಿನ್" ಎಂಬ ಒಂದು ಸಾಲು, ಇಷ್ಟನ್ನು ಚೀಟಿಯಲ್ಲಿ ಬರೆದು ತಾಯಿಯವರ ಪರ್ಸಿನಲ್ಲಿ ಇಂದೇ ಇಡಿ.